ಕವಿತಾಳ ಪೆಟ್ಟಿಗೆ, ಗಜನಿಯ ಕೂಗು

ಮತ್ತೆ, ಪೆಟ್ಟಿಗೆ ಸುಳ್ಳು ಹೇಳಿತು ಅಂತೇನೂ ಅಲ್ಲ. ಊರಲ್ಲಿ ಕೆಲವರು ಈಗಲೂ ಹಾಗೇ ಹೇಳುತ್ತಾರೆ. ಆದರೆ ಕವಿತಾಳ ಎದುರು ಆ ಮಾತಾಡಿ ನೋಡಿ, ಕೈಯಲ್ಲಿದ್ದ ಚಾ ಲೋಟ ಕೆಳಗಿಟ್ಟು ಶುರು ಮಾಡುತ್ತಾಳೆ. "ಸುಳ್ಳಲ್ಲ ಅದು. ನಿನ್ನೆ ರಾತ್ರಿ ನಿಜನ ಇವತ್ತು ಹೇಳ್ತು, ಅಷ್ಟೇ. ತಪ್ಪು ಪೆಟ್ಟಿಗೆದಲ್ಲ, ಅದರ ಮಾತು ಕೇಳೂಕೆ ಕೂರಬೇಕಾದವ್ರದು." ಕೇಳಲು ಕೂರಬೇಕಾದವಳು ಯಾರು ಅಂದರೆ ಅವಳೇ. ಅದನ್ನೂ ಅವಳೇ ಹೇಳಿಬಿಡುತ್ತಾಳೆ.

ಪೂರ್ತಿ ಹೆಸರು ಕವಿತಾ ಸಣ್ಣ ಗೌಡ. ಅಘನಾಶಿನಿ ಹೊಳೆ ಸಮುದ್ರ ಸೇರುವ ಮುಂಚೆ ಅಗಲವಾಗಿ ಮೈಚಾಚಿಕೊಳ್ಳುತ್ತದಲ್ಲ, ಆ ದಂಡೆಯ ಒಂದು ಕೇರಿಯವಳು. ಅಪ್ಪ ಸಣ್ಣ, ಅಮ್ಮ ಇಬ್ಬರೂ ಬಸಳೆ, ಹರಿವೆ, ಮೊಗೆಕಾಯಿ ಬೆಳೆದು ಕುಮಟಾ ಪೇಟೆಗೆ ಒಯ್ಯುವವರು. ಅಜ್ಜಿ ತಿಮ್ಮಿಗೆ ಎಷ್ಟು ಹಾಡು ಬರುತ್ತದೆ ಅಂತ ಅಜ್ಜಿಗೇ ಗೊತ್ತಿಲ್ಲ. ಕವಿತಾಳಿಗೆ ಒಂದೂ ಬರುವುದಿಲ್ಲ. ಅವಳು ಡಿಪ್ಲೊಮಾ ಮುಗಿಸಿ ಹೊನ್ನಾವರ ಬಸ್ ಸ್ಟ್ಯಾಂಡಿನ ಹಿಂದೆ ಇರುವ ರವೀಂದ್ರಣ್ಣನ ಅಂಗಡಿ ಸೇರಿದಳು. ಬೋರ್ಡಿನ ಮೇಲೆ ಬರೀ 'ಎಲೆಕ್ಟ್ರಾನಿಕ್ಸ್' ಅಂತ ಇದೆ. ಒಳಗೆ ನಡೆಯುವುದು ಮಾತ್ರ ನೂರೆಂಟು ಕೆಲಸ: ಕ್ಯಾಮೆರಾ ಕೂರಿಸುವುದು, ಪಂಪಿಗೆ ಫೋನಿನಿಂದಲೇ ಆನ್ ಆಫ್ ಮಾಡುವ ವ್ಯವಸ್ಥೆ, ಇನ್ವರ್ಟರ್ ರಿಪೇರಿ. ಭಟ್ಕಳದ ಒಂದು ಐಸ್ ಫ್ಯಾಕ್ಟರಿಯಲ್ಲಿ ತಂಪು ಎಷ್ಟಿದೆ ಅಂತ ಹೊನ್ನಾವರದಲ್ಲೇ ಕೂತು ನೋಡುವ ಹಾಗೆ ಒಂದು ಪೆಟ್ಟಿಗೆ ಮಾಡಿಕೊಟ್ಟವಳು ಇವಳೇ. ಅಲ್ಲಿಯ ಸಾಹೇಬರು ಖುಷಿಯಾಗಿ ಇಫ್ತಾರಿಗೆ ಕರೆದಿದ್ದರು. ಇವಳು ಹೋಗಿ ಸಮೋಸ ತಿಂದು ಬರುವಾಗ ಇನ್ನೊಂದು ಪೆಟ್ಟಿಗೆಯ ಆರ್ಡರ್ ಹಿಡಿದುಕೊಂಡೇ ಬಂದಳು.

ಆ ಐಸ್ ಪೆಟ್ಟಿಗೆ ನೋಡಿಯೇ ಊರಿನ ಬೊಮ್ಮಜ್ಜ ಕೇಳಿದ್ದು. ಬೊಮ್ಮಜ್ಜ ಅಂದರೆ ಗಜನಿಯ ಯಜಮಾನ. ಗಜನಿ ಅಂದರೆ ಹೊಳೆ ಅಂಚಿನ ಉಪ್ಪು ಗದ್ದೆ. ಕಗ್ಗದ ಭತ್ತ ಅಲ್ಲಿಯ ಬೆಳೆ. ಹೊಳೆಗೂ ಗದ್ದೆಗೂ ನಡುವೆ ಉದ್ದದ ಮಣ್ಣಿನ ಕಟ್ಟೆ, ಕಟ್ಟೆಯಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲು. ಬಾಗಿಲಿಗೆ ಜಂತ್ರಡಿ ಅನ್ನುತ್ತಾರೆ. ಸಮುದ್ರದ ಭರತ ಏರಿ ಬರುವಾಗ ಹಲಗೆ ಇಳಿಸಬೇಕು, ಇಲ್ಲದಿದ್ದರೆ ಉಪ್ಪು ನೀರು ಒಳಗೆ. ಇಳಿತದಲ್ಲಿ ಹಲಗೆ ಎತ್ತಬೇಕು, ಇಲ್ಲದಿದ್ದರೆ ಮಳೆ ನೀರು ಒಳಗೇ ನಿಂತು ಗದ್ದೆ ಕೊಳೆಯುತ್ತದೆ. ಕಗ್ಗ ಉಪ್ಪಿಗೆ ಹೆದರುವ ಭತ್ತ ಅಲ್ಲ, ನಿಜ. ಆದರೆ ಬಿತ್ತಿದ ಹೊಸತರಲ್ಲಿ, ಮೊಳಕೆ ಇನ್ನೂ ಕಣ್ಣು ಬಿಡುತ್ತಿರುವಾಗ, ಅದಕ್ಕೂ ಒಂದು ಮಿತಿ ಇದೆ.

ಈ ಊರಿನ ಕಟ್ಟೆಗೆ ಮೂರು ಜಂತ್ರಡಿ. ಹಿಂದಿನಿಂದ ನಡೆದು ಬಂದ ಕ್ರಮ ಏನೆಂದರೆ, ಹಲಗೆ ಇಳಿಸಿದ ಕೂಡಲೇ ಕೊನೆ ಬಾಗಿಲಿನವ ಕೂ ಅಂತ ಕೂಗಬೇಕು, ನಡುವಿನವ ಓಗೊಟ್ಟು ತಾನೂ ಕೂಗಬೇಕು, ಅದು ಬೊಮ್ಮಜ್ಜನ ಮನೆಯಂಗಳಕ್ಕೆ ಮುಟ್ಟಬೇಕು. ಮುಟ್ಟದಿದ್ದರೆ ಯಾರಾದರೂ ಎದ್ದು ಕಟ್ಟೆ ಮೇಲೆ ಹೋಗುತ್ತಿದ್ದರು. ಬೊಮ್ಮಜ್ಜನಿಗೆ ಈಗ ಕಿವಿ ಮಂದ. "ಕೂಗಿದ್ದು ಕೇಳೂದಿಲ್ಲ ತಂಗಿ, ಕಣ್ಣಿಗೆ ಕಾಣೂ ಹಾಂಗೆ ಎಂತಾದ್ರೂ ಮಾಡು," ಅಂದ.

ಕವಿತಾ ಮಾಡಿದಳು. ಒಂದೊಂದು ಜಂತ್ರಡಿಗೆ ಒಂದೊಂದು ಪೆಟ್ಟಿಗೆ, ಒಳಗೆ ಒಂದು ಸಿಮ್ಮು. ಹಲಗೆ ಇಳಿದರೆ 'ಮುಚ್ಚಿದೆ', ಎತ್ತಿದರೆ 'ತೆರೆದಿದೆ' ಅಂತ ಸಂದೇಶ ಹೊನ್ನಾವರದ ಅಂಗಡಿಯ ಕಂಪ್ಯೂಟರಿಗೆ ಹೋಗುತ್ತದೆ, ಅಲ್ಲಿಂದ ಊರವರ ಫೋನಿಗೆ ಬರುತ್ತದೆ. ಹಸಿರು ಬಣ್ಣದಲ್ಲಿ ಬಾಗಿಲಿನ ಚಿತ್ರ ಮುಚ್ಚಿಕೊಳ್ಳುವುದನ್ನು ನೋಡಿ ಬೊಮ್ಮಜ್ಜನಿಗೆ ಎಷ್ಟು ಸಂತೋಷ ಅಂದರೆ, ಬಂದ ನೆಂಟರಿಗೆಲ್ಲ ಫೋನು ತೋರಿಸಿ ಆದ ಮೇಲೆಯೇ ಆಸರಿಗೆ ಅಂತ ಕುಡಿಯಲು ಕೊಡುವುದು. ವರ್ಷ ಕಳೆಯುವುದರೊಳಗೆ ಕೂಗು ತಾನಾಗಿಯೇ ನಿಂತುಹೋಯಿತು. ನಿಲ್ಲಿಸಿ ಅಂತ ಯಾರೂ ಹೇಳಿರಲಿಲ್ಲ. ಅಜ್ಜಿ ತಿಮ್ಮಿ ಒಬ್ಬಳೇ ಒಮ್ಮೆ ಮೂಗು ಮುರಿದಿದ್ದಳು: "ನಿನ್ನ ಪೆಟ್ಟಿಗೆಗೆ ಹಾಡೂದು ಒಂದು ಗೊತ್ತದೆ. ಎದುರಿನವ್ರು ಸಾಲು ಎತ್ಕಂಡ್ರೋ ಬಿಟ್ರೋ ಕೇಳೂದೇ ಇಲ್ಲ."

ಆ ಮಾತನ್ನು ಆಗ ಕವಿತಾ ಕಿವಿಗೆ ಹಾಕಿಕೊಳ್ಳಲಿಲ್ಲ.

ಆದದ್ದು ಈ ಸಲದ ಬಿತ್ತನೆ ಮುಗಿದ ಮೇಲಿನ ಅಮಾಸೆಯ ದಿನ. ಅಮಾಸೆ ಹುಣ್ಣಿಮೆಗೆ ಭರತ ದೊಡ್ಡದು, ಮಧ್ಯಾಹ್ನದೊಳಗೆ ಹೊಳೆ ಕಟ್ಟೆಯ ಕುತ್ತಿಗೆವರೆಗೆ ಬಂದು ನಿಲ್ಲುತ್ತದೆ. ನಡುವಿನ ಜಂತ್ರಡಿ ನಾಗು ಮತ್ತು ಅವನ ಹೆಂಡತಿ ಗಂಗಿಯ ಜವಾಬ್ದಾರಿ. ನಾಗು ಬೆಳಗಿನ ಇಳಿತದಲ್ಲಿ ಹಲಗೆ ಎತ್ತಿ ಮಳೆ ನೀರು ಬಿಟ್ಟು, ಜ್ವರ ಬಂದ ಮಗಳನ್ನು ಎತ್ತಿಕೊಂಡು ಕುಮಟಾ ಆಸ್ಪತ್ರೆಗೆ ಹೋದ. ಹೋಗುವಾಗ ಗಂಗಿಗೆ "ಹಲಗೆ ಇಳಿಸು" ಅಂದಿದ್ದ. ಹೊತ್ತಾದಾಗ ಗಂಗಿ ಫೋನು ನೋಡಿದಳು. ನಡುವಿನ ಬಾಗಿಲು: ಮುಚ್ಚಿದೆ. ಪಾಪ, ಅವನೇ ಇಳಿಸಿ ಹೋಗಿದ್ದಾನೆ ಅಂದುಕೊಂಡು ಒಲೆ ಮುಂದೆ ಕೂತಳು.

ಬಾಗಿಲು ತೆರೆದೇ ಇತ್ತು. ಫೋನಿನಲ್ಲಿ ಇದ್ದದ್ದು ಹಿಂದಿನ ರಾತ್ರಿ ಮುಚ್ಚಿದ್ದರ ಸುದ್ದಿ. ಬೆಳಗ್ಗೆ ನಾಗು ಹಲಗೆ ಎತ್ತುವ ಹೊತ್ತಿಗೆ ಪೆಟ್ಟಿಗೆಗೂ ಹೊನ್ನಾವರಕ್ಕೂ ಸಂಪರ್ಕ ಕಡಿದಿತ್ತು. 'ತೆರೆದಿದೆ' ಅನ್ನುವ ಸಂದೇಶ ಪೆಟ್ಟಿಗೆಯೊಳಗೇ ಸರದಿಯಲ್ಲಿ ನಿಂತು ಕಾಯುತ್ತಿತ್ತು. ಅದು ಎಲ್ಲರ ಫೋನಿಗೆ ಬಂದು ಮುಟ್ಟಿದ್ದು ಊಟ ಮುಗಿದ ಮೇಲೆ. ಅಷ್ಟೊತ್ತಿಗೆ ಶನಿಯಾರನ ಗದ್ದೆಯಲ್ಲಿ ಮೀನು ಓಡಾಡುತ್ತಿದ್ದವು.

ಶನಿಯಾರ ಕವಿತಾಳ ಸೋದರಮಾವ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಕಟ್ಟೆಯಲ್ಲಿ ತಿರುಗಿದವನು. ನಡುವಿನ ಬಾಗಿಲಿಗೆ ತಾಗಿದ ಗದ್ದೆ ಅವನದು, ಹಾಗಾಗಿ ಹೋದದ್ದೂ ಹೆಚ್ಚು ಅವನದೇ. ಸಂಜೆ ಕವಿತಾ ಬಸ್ಸಿಳಿದು ಸೀದಾ ಗದ್ದೆಗೆ ಹೋದಾಗ ಅವನು ಉಪ್ಪು ನೀರಿಗೆ ಬಾಡಿದ ಮೊಳಕೆ ಅಂಗೈಯಲ್ಲಿ ಹಿಡಿದು ನಿಂತಿದ್ದ. "ಮಾವ," ಅಂದಳು. ಅವನು ಅವಳ ಕಡೆ ನೋಡದೆ ಕೈ ತೊಳೆದುಕೊಂಡು ಮನೆಗೆ ಹೋದ.

ಬೊಮ್ಮಜ್ಜನ ಅಂಗಳದಲ್ಲಿ ಎಲ್ಲರೂ ಸೇರಿದರು. ಗಂಗಿ ಕಂಬಕ್ಕೆ ಒರಗಿ ಸೆರಗಿನಲ್ಲಿ ಮುಖ ಒತ್ತಿಕೊಂಡಿದ್ದಳು. ಯಾರೋ ಪೆಟ್ಟಿಗೆ ಕಿತ್ತು ಹೊಳೆಗೆ ಬಿಸಾಡಿ ಅಂದರು. ಬೊಮ್ಮಜ್ಜ ಬಾಯಲ್ಲಿದ್ದ ಎಲೆಯಡಿಕೆ ಕವಳ ಉಗಿದು ಬಂದು ಕೂತ.

"ಹುಣ್ಣಿಮೆ ಭರತದವರೆಗೆ ನೋಡ್ವ. ಆವಾಗ್ಲೂ ಹಿಂಗೇ ಆದ್ರೆ ತೆಗೂದೇ," ಅಂದ. ಆಮೇಲೆ ಕವಿತಾಳ ಕಡೆ ತಿರುಗಿ, "ನಿಂಗೆ ಬೈಯೂದಿಲ್ಲ ತಂಗಿ. ಆದ್ರೆ ಹೊಟ್ಟೆ ಪ್ರಶ್ನೆ ಅದು."

ಬೈದಿದ್ದರೆ ಒಳ್ಳೆಯದಿತ್ತು ಅಂತ ಅವಳಿಗೆ ಅನ್ನಿಸಿತು.

ಮಾರನೇ ದಿನ ಅಂಗಡಿಯಲ್ಲಿ ರವೀಂದ್ರಣ್ಣ ಹೇಳಿದ: "ಎಂತಕ್ಕೆ ತಲೆ ಕೆಡಿಸ್ಕಳ್ತೆ ಮಾರಾಯ್ತಿ? ಭಟ್ಕಳದಲ್ಲಿ ಅದೇ ಪೆಟ್ಟಿಗೆ, ಒಂದು ದಿನ ತೊಂದ್ರೆ ಕೊಡ್ಲಿಲ್ಲ."

"ಭಟ್ಕಳದಲ್ಲಿ ಅದು ಗೋಡೆ ಒಳಗೆ ವಯರಿಗೆ ಕಟ್ಕಂಡು ಕೂತದೆ ರವೀಂದ್ರಣ್ಣ. ಸಂಪರ್ಕ ಕಡಿಯೂದೇ ಇಲ್ಲ. ಕಟ್ಟೆ ಮೇಲೆ ಹಾಂಗಲ್ಲ."

ವಿಷಯ ಇಷ್ಟೇ. ಸಂದೇಶ ಸಾಗಿಸುವ ಪ್ರೋಗ್ರಾಮನ್ನು ಅವಳು ತಾನೇ ಬರೆದಿರಲಿಲ್ಲ, ಯಾರೂ ಹಾಗೆ ಬರೆಯುವುದಿಲ್ಲ. ಅದಕ್ಕೆಂದೇ ಬೇರೆಯವರು ಬರೆದು ಪುಕ್ಕಟೆ ಕೊಟ್ಟ ಸಿದ್ಧ ಕೋಡು ಇರುತ್ತದೆ, ಲೈಬ್ರರಿ ಅನ್ನುತ್ತಾರೆ. ಇವಳು ಬಳಸಿದ ಲೈಬ್ರರಿ ಬಹಳ ಸಾಧು. ಲೈನು ಕಡಿದರೆ ಗಲಾಟೆ ಮಾಡುವುದಿಲ್ಲ, ಸಂದೇಶಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಮತ್ತೆ ಮತ್ತೆ ಸಂಪರ್ಕಕ್ಕೆ ಯತ್ನಿಸುತ್ತದೆ, ಸಿಕ್ಕಿದ ಕೂಡಲೇ ಒಂದೊಂದಾಗಿ ದಾಟಿಸುತ್ತದೆ. ಮಧ್ಯೆ ಏನಾಯಿತು ಅಂತ ನಿಮಗೆ ತಿಳಿಯುವುದೇ ಇಲ್ಲ. ತಿಳಿಯಬೇಕು ಅನ್ನುವವರಿಗೆ ಅದು ಅಂಗಡಿಯ ಕಂಪ್ಯೂಟರಿನಲ್ಲಿ ಪಕ್ಕಕ್ಕೆ ಇನ್ನೊಂದು ಕಿಂಡಿ ಇಟ್ಟಿದೆ. ಯಾರು ಬಂದು ಸೇರಿದರು, ಯಾರ ಸಂಪರ್ಕ ಕಡಿಯಿತು, ಎಲ್ಲವನ್ನೂ ಆ ಕಿಂಡಿಯಲ್ಲಿ ಆಗಾಗಲೇ ಹೇಳುತ್ತಿರುತ್ತದೆ. ಕೇಳಲು ಅಲ್ಲೊಬ್ಬರು ಕೂತಿರಬೇಕು. ಕವಿತಾ ಆ ಜಾಗವನ್ನು ಖಾಲಿ ಬಿಟ್ಟು, ಆಮೇಲೆ ನೋಡಿದರಾಯಿತು ಅಂತ ಒಂದು ಸಾಲು ಬರೆದಿಟ್ಟಿದ್ದಳು. ಐಸ್ ಫ್ಯಾಕ್ಟರಿಗೆ ಅದರ ಅಗತ್ಯವೇ ಬಿದ್ದಿರಲಿಲ್ಲ. ಅದೇ ಕೋಡು ಕಟ್ಟೆಗೂ ಬಂದಿತ್ತು.

ಅವಳು ಖಾಲಿ ಜಾಗ ತುಂಬಿದಳು. ಕಡಿಯಿತು ಅಂತ ಸುದ್ದಿ ಬಂದ ಕೂಡಲೇ ಎಲ್ಲರ ಫೋನು ಬಡಿದುಕೊಳ್ಳಬೇಕು, ಸೇರಿತು ಅಂದರೆ ಮತ್ತೊಮ್ಮೆ ಬಡಿದುಕೊಳ್ಳಬೇಕು. ಹಾಗೆ ಮಾಡಿ ಮನೆಗೆ ಬಂದು, ನಾಲ್ಕು ದಿನದಲ್ಲಿ ಮೊದಲ ಬಾರಿ ಹೊಟ್ಟೆ ತುಂಬ ಉಂಡಳು.

ನಡುವಿನ ಜಂತ್ರಡಿ ಇರುವುದು ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ತಿರುವಿನಲ್ಲಿ. ಅಲ್ಲಿ ಸಿಗ್ನಲ್ಲು ಬೆಕ್ಕಿನ ಹಾಗೆ, ಬಂತು ಅನ್ನುವುದರೊಳಗೆ ಹೋಯಿತು. ಮಳೆ ಜೋರಾದ ಒಂದು ಬೆಳಗ್ಗೆ ಕೇರಿಯ ಫೋನುಗಳೆಲ್ಲ ಕಡಿಯಿತು ಸೇರಿತು, ಕಡಿಯಿತು ಸೇರಿತು ಅಂತ ಗಂಟಲು ಹರಿದುಕೊಂಡವು. ಮೊದಲ ಸಲ ಎಲ್ಲರೂ ಓಡಿದರು. ಎರಡನೇ ಸಲ ನಾಗು ಒಬ್ಬನೇ ಓಡಿದ. ಆಮೇಲೆ ಯಾರೂ ಇಲ್ಲ. ಭಾನುವಾರ ಕವಿತಾ ಗಂಗಿಯ ಮನೆಗೆ ಹೋದಾಗ ಅಕ್ಕಿ ಡಬ್ಬದೊಳಗಿಂದ ಏನೋ ಗುಂಯ್ ಅನ್ನುತ್ತಿತ್ತು.

"ಅದು ಎಂತ ಗಂಗಕ್ಕ?"

"ನಿನ್ನ ಪೆಟ್ಟಿಗೆನೇ. ಕೂಸಿಗೆ ನಿದ್ರೆ ಮಾಡೂಕೆ ಬಿಡೂದಿಲ್ಲ ಹೇಳಿ ಫೋನು ಅಕ್ಕಿ ಒಳಗೆ ಹುಗಿದಿಟ್ಟೆ."

ಕವಿತಾ ಜಗಲಿಯ ಮೇಲೆ ಕೂತುಬಿಟ್ಟಳು. ಹುಣ್ಣಿಮೆಗೆ ವಾರವೂ ಉಳಿದಿರಲಿಲ್ಲ. "ಕಡಿದದ್ದು ಹೇಳದಿದ್ರೆ ಹೇಳಲಿಲ್ಲ ಹೇಳ್ತ್ರಿ, ಹೇಳಿದ್ರೆ ಹುಗಿದಿಡ್ತ್ರಿ. ನಾ ಎಂತ ಮಾಡೂದು ಹೇಳಕ್ಕ."

ಗಂಗಿಗೆ ಆ ಅಮಾಸೆಯ ಸಂಕಟ ಇನ್ನೂ ಆರಿರಲಿಲ್ಲ. ಅದಕ್ಕೇ ಇರಬೇಕು, ಸ್ವಲ್ಪ ಖಾರವಾಗಿಯೇ ಅಂದಳು: "ಒಂದು ಕೂಗಿಗೆ ಓಗೊಡದಿದ್ರೆ ಯಾರಾರೂ ಓಡ್ತ್ರನೆ? ಗಾಳಿ ಆಚೆ ಬದಿಗಿರ್ತದೆ, ಬಾಯಲ್ಲಿ ಕವಳ ಇರ್ತದೆ, ಕೇಳೂದಿಲ್ಲ. ತಡೆದು ಇನ್ನೊಂದು ಕೂಗೂದು. ಮೂರನೇದಕ್ಕೂ ಇಲ್ಲ ಅಂದ್ರೆ ಆವಾಗ ಎದ್ದು ಹೋಗೂದು. ನಮ್ಮ ಮಾವ ಹಾಂಗೇ ಮಾಡ್ತಿದ್ರು. ನಿನ್ನ ಪೆಟ್ಟಿಗೆಗೆ ಅಷ್ಟು ತಾಳ್ಮೆ ಇಲ್ಲೆ?"

ಗಂಗಿ ಕೊಟ್ಟ ಚಾ ಅಲ್ಲೇ ಬಿಟ್ಟು ಕವಿತಾ ಎದ್ದಳು. "ಚಾ ಕುಡ್ದು ಹೋಗೆ," ಅಂತ ಗಂಗಿ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

ಈ ಸಲ ಅವಳು ಬರೆದದ್ದು ಬೇರೆ ರೀತಿ. ಅಂಗಡಿಯ ಕಂಪ್ಯೂಟರು ಒಂದೊಂದು ಪೆಟ್ಟಿಗೆಯನ್ನೂ ಆಗಾಗ 'ಇದ್ದೀಯಾ' ಅಂತ ಕೇಳುತ್ತದೆ. ಯಾಕೆಂದರೆ ಟವರೇ ಸತ್ತರೆ ಕಡಿಯಿತು ಅಂತ ಹೇಳುವವರೂ ಇರುವುದಿಲ್ಲ. ಉತ್ತರ ಬಾರದಿದ್ದರೆ, ಅಥವಾ ಸಂಪರ್ಕ ಕಡಿಯಿತು ಅಂತ ಲೈಬ್ರರಿಯೇ ಹೇಳಿದರೆ, ತಕ್ಷಣ ಬೊಬ್ಬೆ ಹೊಡೆಯುವುದಿಲ್ಲ. ಕಾಯುತ್ತದೆ, ಮತ್ತೆ ನೋಡುತ್ತದೆ. ಅಷ್ಟರಲ್ಲಿ ಪೆಟ್ಟಿಗೆ ಬಂದು ಸೇರಿದರೆ ಯಾರಿಗೂ ಸುದ್ದಿಯಿಲ್ಲ. ಮೂರನೇ ಸಲಕ್ಕೂ ಇಲ್ಲವೆಂದರೆ ಫೋನಿನಲ್ಲಿದ್ದ ಹಸಿರು ಬಾಗಿಲು ಅಳಿಸಿಹೋಗಿ ಅಲ್ಲಿ 'ಗೊತ್ತಿಲ್ಲ' ಅಂತ ಬರುತ್ತದೆ, ಫೋನು ಬಡಿದುಕೊಳ್ಳುತ್ತದೆ. ಪೆಟ್ಟಿಗೆ ಮರಳಿ ಬಂದಾಗ ಅದು ಕೂಡಿಟ್ಟುಕೊಂಡ ಹಳೆಯ ಮಾತು ಯಾವುದೂ ಬೇಡ, ಬಾಗಿಲು ಈಗ ಹೇಗಿದೆ ಅಂತ ಹೊಸದಾಗಿ ಹೇಳಬೇಕು.

'ಗೊತ್ತಿಲ್ಲ' ನೋಡಿ ರವೀಂದ್ರಣ್ಣ ತಲೆ ಕೆರೆದುಕೊಂಡ. "ಗಿರಾಕಿಗೆ ಗೊತ್ತಿಲ್ಲ ಹೇಳಿ ತೋರಿಸ್ತೆ? ಅಂಗಡಿ ಮರ್ಯಾದೆ?"

"ಗೊತ್ತಿಲ್ಲದೇ ಇದ್ದಾಗ ಎಂತ ತೋರಿಸೂದು?"

"ಅದೂ ಹೌದು," ಅಂದು ಅವನು ಇನ್ವರ್ಟರ್ ಕಡೆ ತಿರುಗಿಕೊಂಡ.

ಹುಣ್ಣಿಮೆಯ ದಿನ ಕವಿತಾ ರಜೆ ಹಾಕಿದಳು. ಆ ದಿನವೇ ಶನಿಯಾರನ ಗದ್ದೆಗೆ ಕೇರಿಯವರೆಲ್ಲ ಇಳಿದಿದ್ದರು. ಒಬ್ಬರ ಗದ್ದೆ ಖಾಲಿಯಾದರೆ ಉಳಿದವರು ತಮ್ಮ ಗದ್ದೆಯಲ್ಲಿ ಒತ್ತಾಗಿ ಹುಟ್ಟಿದ ಕಡೆಯಿಂದ ಸಸಿ ಕಿತ್ತು ತಂದು ಅಲ್ಲಿ ನೆಡುವುದು ವಾಡಿಕೆ. ಎರಡನೇ ಸಲ ಉಪ್ಪು ನೀರು ಹೊಕ್ಕರೆ ನೆಟ್ಟದ್ದೂ ಹೋಗುತ್ತದೆ, ಕೊಡಲು ಆಮೇಲೆ ಯಾರಲ್ಲೂ ಸಸಿ ಇರುವುದಿಲ್ಲ. ಕವಿತಾ ಚೂಡಿದಾರ ಮೊಣಕಾಲಿಗೆ ಮಡಚಿ ಕೆಸರಿಗಿಳಿದಳು. ಶನಿಯಾರ ಸಾಲಿನ ಆಚೆ ತುದಿಯಲ್ಲಿದ್ದ. ಅವಳಿಗೆ ಬೇಕಾದ ಸಸಿಯ ಕಟ್ಟನ್ನೂ ಗಂಗಿಯ ಕೈಗೆ ಕೊಟ್ಟು ದಾಟಿಸುತ್ತಿದ್ದ.

"ಮಾವ ಸೊಸೆ ಮಧ್ಯೆ ನಾ ಒಬ್ಳು ಪೋಸ್ಟ್‌ಮ್ಯಾನ್," ಅಂದಳು ಗಂಗಿ.

ಹೊಳೆ ಏರುತ್ತಿತ್ತು. ಮೊದಲ ಬಾಗಿಲು ಮುಚ್ಚಿದೆ ಅಂತ ಬಂತು. ಕೊನೆಯದೂ ಬಂತು. ನಾಗು ಬೆಳಗಿನಿಂದ ನಡುವಿನ ಜಂತ್ರಡಿಯ ಮೇಲೇ ಕೂತಿದ್ದಾನೆ ಅಂತ ಎಲ್ಲರಿಗೂ ಗೊತ್ತಿತ್ತು. ಆದರೂ ಎಲ್ಲರ ಕಣ್ಣು ಬದುವಿನ ಮೇಲಿಟ್ಟ ಫೋನಿನ ಕಡೆಯೇ. ಮಳೆ ಹನಿ ದಪ್ಪಗಾಯಿತು. ಆಗ ಅದು ಬಡಿದುಕೊಂಡಿತು.

ಬೊಮ್ಮಜ್ಜ ಬಗ್ಗಿ ನೋಡಿ ದೊಡ್ಡದಾಗಿ ಓದಿದ. "ನಡುವಿನ ಬಾಗಿಲು. ಗೊತ್ತಿಲ್ಲ."

ಕವಿತಾಳಿಗೆ ಕೈಯಲ್ಲಿದ್ದ ಸಸಿ ಎಲ್ಲಿಡಬೇಕೆಂದೇ ತೋಚಲಿಲ್ಲ. ಮತ್ತೆ ಸುಮ್ಮನೆ ಬಡಿದುಕೊಂಡದ್ದೋ, ನಿಜವಾಗಿ ಏನೋ ಆಗಿದೆಯೋ? ಅವಳು ತಲೆ ಎತ್ತುವುದರೊಳಗೆ ಸಾಲಿನ ಆಚೆ ತುದಿಯಿಂದ ಶನಿಯಾರ ಕಟ್ಟು ಬಿಸಾಡಿ ಓಡಿಯಾಗಿತ್ತು. ಅವಳೂ ಓಡಿದಳು. ಕಟ್ಟೆ ಬೆಣ್ಣೆಯ ಹಾಗೆ ಜಾರುತ್ತಿತ್ತು. ಎಡಕ್ಕೆ ಹೊಳೆ, ಕಟ್ಟೆಯಂಚಿಗೆ ಒಂದು ಗೇಣು ಕೆಳಗೆ. ಒಮ್ಮೆ ಬಿದ್ದಳು, ಎದ್ದಳು. ಮುಂದಿದ್ದವನು ಹಿಂತಿರುಗಿ ನೋಡಿದ, ಅವಳು ಎದ್ದದ್ದು ಕಂಡ ಮೇಲೆಯೇ ಮತ್ತೆ ಓಡಿದ.

ಜಂತ್ರಡಿಯ ಹಲಗೆಗಳು ಭದ್ರವಾಗಿ ಇಳಿದಿದ್ದವು. ಮೇಲೆ ನಾಗು ಕೊಡೆ ಹಿಡಿದು ಕೂತು ಹಪ್ಪಳ ತಿನ್ನುತ್ತಿದ್ದ.

"ಎಂತಾ ಆತ್ರ? ಯಾರು ಹೋದ್ರು?" ಅಂತ ಎದ್ದು ನಿಂತ.

ಶನಿಯಾರನಿಗೆ ಉಸಿರು ಸಿಗುತ್ತಿರಲಿಲ್ಲ. ಹಲಗೆ ಮುಟ್ಟಿ ನೋಡಿದ, ಸಂದಿಗೆ ಕೈ ಹಾಕಿ ನೋಡಿದ. ಒಂದು ಹನಿ ಒಳಗೆ ಬರುತ್ತಿರಲಿಲ್ಲ. ಕವಿತಾ ಪೆಟ್ಟಿಗೆ ಹುಡುಕಿದಳು. ಕಂಬದ ಮೇಲೆ ಪೆಟ್ಟಿಗೆ ಇರಬೇಕಾದ ಜಾಗದಲ್ಲಿ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ ಕವುಚಿಕೊಂಡಿತ್ತು, ಹಗ್ಗದಿಂದ ಬಿಗಿದು ಕಟ್ಟಿತ್ತು.

"ನಾಗಣ್ಣ, ಇದು ಎಂತ?"

"ಮಳೆ ಜೋರು ಬಂತಲ. ಪೆಟ್ಟಿಗೆ ನೆನೆದು ಹಾಳಾದ್ರೆ ಮತ್ತೆ ನಿಂಗೇ ಬೈತ್ರು ಹೇಳಿ ಮನೆಗೆ ಹೋಗಿ ಅನ್ನದ ಪಾತ್ರೆ ತಂದು ಮುಚ್ಚಿದೆ. ಒಂದು ಹನಿ ತಾಗೂದಿಲ್ಲ ನೋಡು."

ಹನಿ ಮಾತ್ರ ಅಲ್ಲ, ಸಿಗ್ನಲ್ಲೂ ತಾಗುತ್ತಿರಲಿಲ್ಲ. ಕವಿತಾಳಿಗೆ ನಗು ಬಂತೋ ಅಳು ಬಂತೋ, ಕಂಬ ಹಿಡಿದುಕೊಂಡು ಕೂತಳು. ಶನಿಯಾರನೇ ಹಗ್ಗ ಬಿಚ್ಚಿ ಪಾತ್ರೆ ತೆಗೆದ. ಸ್ವಲ್ಪ ಹೊತ್ತಿಗೆ ಅವಳ ಫೋನಿನಲ್ಲಿ ಬಾಗಿಲು ಹಸಿರಾಯಿತು: ನಡುವಿನ ಬಾಗಿಲು, ಮುಚ್ಚಿದೆ. ಅದನ್ನು ಮಾವನ ಕಡೆ ಹಿಡಿದಳು.

ಶನಿಯಾರ ಫೋನು ನೋಡಿದ, ಹಲಗೆ ನೋಡಿದ. ಹದಿನೈದು ದಿನದ ಮೇಲೆ ಅವನ ಮೊದಲ ಮಾತು ಅದು. "ಗೊತ್ತಿಲ್ಲ ಅಂದ್ರೆ ಬಂದು ನೋಡ್ತ್ರು ಕವಿತಾ. ಆವತ್ತೂ ಅಷ್ಟು ಹೇಳಿದ್ರೆ ಸಾಕಾಗಿತ್ತು."

"ಹೌದು ಮಾವ."

"ಮೊಣಕಾಲು ನೋಡು, ರಕ್ತ ಬಂದದೆ. ಹೊಳೆ ನೀರಲ್ಲಿ ತೊಳಿಬೇಡ, ಉರಿತದೆ."

ಆಮೇಲೆ ಅವನು ಗದ್ದೆಯ ಕಡೆ ತಿರುಗಿ, ಎರಡೂ ಕೈ ಬಾಯಿಗೆ ಹಿಡಿದು ಕೂ ಅಂತ ಕೂಗಿದ. ಗದ್ದೆಯಿಂದ ಗಂಗಿಯ ದನಿ ಓಗೊಟ್ಟಿತು. ಕೊನೆಯ ಬಾಗಿಲಿನಿಂದಲೂ ಯಾರೋ ಓಗೊಟ್ಟರು. ನಾಗು ಹಪ್ಪಳ ಕೆಳಗಿಟ್ಟು ತಾನೂ ಒಂದು ಕೂಗು ಹಾಕಿದ, ಯಾಕೆ ಅಂತ ಅವನಿಗಿನ್ನೂ ತಿಳಿದಿರಲಿಲ್ಲ.

ಸುಮ್ಮನೆ ಓಡಿಸಿದಳು ಅಂತ ಗೊಣಗಿದವರು ಇರಲಿಲ್ಲ ಅಂತಲ್ಲ. ಬೊಮ್ಮಜ್ಜ ಅವರ ಬಾಯಿ ಮುಚ್ಚಿಸಿದ. "ಹಿಂದೆ ನಾವು ಓಡಿ ಹೋದಾಗೆಲ್ಲ ಎಂತ ಸಿಕ್ತಿತ್ತು? ನಾಗುನ ಅಪ್ಪ ಗೊರಕೆ ಹೊಡೀತಿದ್ದ. ಹೋಗಿ ನೋಡಿ ಎಂತದೂ ಇಲ್ದೇ ಇದ್ರೆ ಒಳ್ಳೇದೇ ಆತು. ಪೆಟ್ಟಿಗೆನೂ ಇರ್ಲಿ, ಕೂಗೂ ಇರ್ಲಿ." ಶನಿಯಾರನ ಗದ್ದೆಯಲ್ಲಿ ನೆಟ್ಟದ್ದು ಉಳಿಯಿತು. ನಾಗುವಿನ ಪೆಟ್ಟಿಗೆಗೆ ಕವಿತಾ ಪ್ಲಾಸ್ಟಿಕ್ ಬಕೆಟಿನ ಟೋಪಿ ತೊಡಿಸಿದಳು. ಭಟ್ಕಳದ ಐಸ್ ಫ್ಯಾಕ್ಟರಿಗೂ ಹೋಗಿ, ಯಾರೂ ಕೇಳದಿದ್ದರೂ, ಅಲ್ಲಿಯ ಖಾಲಿ ಜಾಗವನ್ನೂ ತುಂಬಿ ಬಂದಳು.

ನೀವು ಆ ಕಡೆ ಹೋಗುವವರಿದ್ದರೆ ಅವಳನ್ನು ನೋಡದೇ ಬರಬೇಡಿ. ವಾರದ ದಿನವಾದರೆ ಹೊನ್ನಾವರದ ಅಂಗಡಿ, ಬಸ್ ಸ್ಟ್ಯಾಂಡಿನ ಹಿಂದೆ ಯಾರನ್ನು ಕೇಳಿದರೂ ತೋರಿಸುತ್ತಾರೆ. ಭಾನುವಾರವಾದರೆ ಸೀದಾ ಕಟ್ಟೆಗೆ ಹೋಗಿ. ನಡುವಿನ ಜಂತ್ರಡಿಯ ಹತ್ತಿರ ಬಕೆಟ್ ಹೊತ್ತ ಕಂಬ ಕಾಣುತ್ತದೆ, ಅಲ್ಲಿ ನಿಂತು ಕೂಗಿ. ಒಂದು ಕೂಗಿಗೆ ಓಗೊಡದಿದ್ದರೆ ತಿರುಗಿ ಬರಬೇಡಿ, ಗಾಳಿ ಆಚೆ ಬದಿಗಿರಬಹುದು. ಇನ್ನೆರಡು ಸಲ ಕೂಗಿ, ಖಂಡಿತ ಬರುತ್ತಾಳೆ.